ಅಂಗೈಯಲ್ಲಿ ಎರಡು ಲಿಂಗ

ನೀರು ಬೆರಳ ಸಂದಿಯಿಂದ ಜಾರಿ ಮೊಣಕೈವರೆಗೆ ತಣ್ಣಗೆ ಇಳಿಯಿತು, ಅಂದರೆ ಇವತ್ತೂ ಮೇಲಿನದಕ್ಕೇ ಎರೆದೆನಲ್ಲ, ಮೇಲಿನದು ಸುಳ್ಳು, ಕೆಳಗಿನದು ಖರೆ, ರೆಪ್ಪೆ ಎತ್ತಿ ಹೊಲಿಸಿಕೊಂಡು ಬಂದ ಹದಿನೈದು ದಿನದಿಂದ ಗೊತ್ತಿದೆ, ಆದರೂ ಎಡ ಅಂಗೈ ನೋಡಿದರೆ ಎರಡು ಕಪ್ಪು ಲಿಂಗ, ಒಂದರ ನೆತ್ತಿಯ ಮೇಲೊಂದು, ಎರಡರಲ್ಲೂ ಕಿಟಕಿಯ ಬೆಳಕಿನ ಚುಕ್ಕೆ — ವಿಭೂತಿ ಹಚ್ಚಲು ಹೋಗಿ ನನ್ನ ಬೆರಳಿಗೇ ಹಚ್ಚಿಕೊಳ್ಳುತ್ತೇನೆ, ಶಿವನಿಗೂ ನಗು ಬರುತ್ತಿರಬೇಕು. ಅಂಗಳದಲ್ಲಿ ಎತ್ತಿನ ಗಂಟೆ, ಇವರು ಗಾಡಿ ಹೂಡುತ್ತಿದ್ದಾರೆ, ಪೂಜೆ ಮುಗಿಯಿತೆಂದರೆ ಕಮಲಾಪುರ ಬಿಟ್ಟು ಕಲಬುರ್ಗಿಯ ದಾರಿ, ಡಾಕ್ಟರ ಕೈಯಲ್ಲಿ ರೆಪ್ಪೆಯ ಹೊಲಿಗೆ ಬಿಚ್ಚಿಸುವುದು, ಇದು ಅತ್ತೆ ಕಸ್ತೂರಿಬಾಯಿಯವರ ಹಟ, ಲಿಂಗ ಎರಡು ಕಾಣೋ ಸೊಸಿ ಕೈಯಾಗ ಹ್ಯಾಂಗ ಉಣ್ಣೂದು ಎಂದು ನಿನ್ನೆ ತಾಟು ಸರಿಸಿದರು, ಪಾಪ, ಹೆದರಿದ್ದಾರೆ. ಒಂದ ಕಣ್ಣ ಮುಚ್ಚಿ ನೋಡು ಎಂದರು ಇವರು, ಅಯ್ಯ, ದೇವರಿಗೆ ಕಣ್ಣು ಹೊಡೆಯಲೇನು ಎಂದೆ, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆದರೆ ಬಿಚ್ಚಿದರೆ ರೆಪ್ಪೆಗಳು ಮತ್ತೆ ಜೋತುಬೀಳುತ್ತವೆ. ಬುರ್ಹಾನುದ್ದೀನ್ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ, ಹೈದರಾಬಾದಿನಲ್ಲಿ ನಿಜಾಮರ ಖರ್ಚಿನಲ್ಲಿ ಕಲಿತು ಬಂದವರು, ಕಣ್ಣ ಮ್ಯಾಲ ಎತ್ತೋ ಸ್ನಾಯುವಿಗಿ ರೆಪ್ಪಿ ಕಟ್ಟೀನಿ ತಾಯಿ, ಬಲಗಣ್ಣಿಗಿ ಅದು ಭಾರ ಆಗ್ಯಾದ, ಮ್ಯಾಲ ಏಳವಲ್ದು, ಬಿಚ್ಚಂದ್ರ ಬಿಚ್ತೀನಿ, ಫೈಸಲಾ ನಿಮ್ದು. ತೀರ್ಮಾನ ನನ್ನದಂತೆ, ಹುಟ್ಟಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಒಬ್ಬರು ಹಾಗೆಂದರು.

ಹುಟ್ಟಿದಾಗಿನಿಂದ ಎರಡೂ ರೆಪ್ಪೆ ಅರ್ಧ ಮುಚ್ಚಿದ ಅಂಗಡಿ ಬಾಗಿಲು, ಗದ್ದ ಎತ್ತಿದರೇ ಎದುರಿನವರ ಮುಖ ಕಂಡೀತು, ಊರೆಲ್ಲ ಸೊಕ್ಕಿನಾಕಿ ಅಂದಿತು, ಹೆಣ್ಣು ನೋಡಲು ಬಂದ ಅತ್ತೆ ಹುಡಗಿ ಮ್ಯಾಲ ಮಾಳಗಿ ನೋಡಾಕತ್ತಾಳಲ್ರೀ ಎಂದರು, ಆದರೂ ಇವರು ನನ್ನನ್ನೇ ಒಪ್ಪಿದರು — ಈಗ ಕುತ್ತಿಗೆ ನೆಟ್ಟಗಿಟ್ಟೇ ಇವರ ಮುಖ ಪೂರ್ತಿ ನೋಡುತ್ತೇನೆ, ಹುಬ್ಬಿನಲ್ಲೊಂದು ಹಳೆಯ ಗಾಯವಿದೆ, ಮೂರು ವರ್ಷ ಸಂಸಾರ ಮಾಡಿಯೂ ಕಂಡಿರಲಿಲ್ಲ. ತೋಟದಲ್ಲಿ ಕೆಂಬಾಳೆಯ ಗೊನೆ ನೋಡಿ ಎರಡು ಅಂದೆ, ಒಂದ ಗಿಡಕ್ಕ ಎರಡ ಗೊನಿ, ನಿನ್ನ ಕಣ್ಣಾಗ ಬೆಳಿ ಛಲೋ ಅದ ಬಿಡು ಎಂದರು ಇವರು. ಎರಡು ಗೊನೆ ಇರಲಿ, ಎರಡು ಚಂದ್ರ ಇರಲಿ, ಬೇಕು ನನಗೆ, ಬಿಚ್ಚಿಸಲಾರೆ, ಆದರೆ ಮೈಮೇಲಿನ ಒಂದೇ ಇಷ್ಟಲಿಂಗ ಎರಡಾಗಿ ಕಂಡರೆ ಅದರ ಎದುರು ಹ್ಯಾಗೆ ಕೂಡಲಿ. ಆತೇನ ಭಾಗವ್ವ, ಬಿಸಲ ಏರತದ — ಅತ್ತೆ ಬಾಗಿಲಲ್ಲಿ, ಓ ಎನ್ನಲು ಗದ್ದ ಎತ್ತಿದೆ, ಹಳೆಯ ಚಾಳಿ, ಕಣ್ಣು ಮಾತ್ರ ಅಂಗೈ ಬಿಡಲಿಲ್ಲ, ಮೇಲಿನ ಲಿಂಗ ಸರ್ರನೆ ಇಳಿಯಿತು, ಕೆಳಗಿನದರೊಳಗೆ ಕೂತಿತು. ಗದ್ದ ಇಳಿಸಿದರೆ ಎರಡು, ಎತ್ತಿದರೆ ಒಂದು, ಮತ್ತೆ ಇಳಿಸಿ ಎತ್ತಿದೆ, ಒಂದೇ. ಏನ ಇದು, ಲಿಂಗದ ಮುಂದ ತಲಿ ಬಾಗಸೂದ ಬಿಟ್ಟು ಗದ್ದ ಎತ್ತತಿ ಏನ ಎಂದರು ಅತ್ತೆ — ಅತ್ತಿ, ಹಿಂಗ ಕುಂತ್ರ ಒಂದೇ ಕಾಣಾಕತ್ತದರೀ ಎಂದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು, ನಾನು ಬೆರಳು ವಿಭೂತಿಯಲ್ಲಿ ಅದ್ದಿದೆ, ಅವರು ನನ್ನ ಬೆರಳನ್ನೇ ನೋಡುತ್ತಿದ್ದಾರೆ, ನಾನೂ ಅದನ್ನೇ, ಎಲ್ಲಿ ಬೀಳುತ್ತದೋ, ಬಿತ್ತು, ಮೂರೂ ಗೆರೆ ಲಿಂಗದ ಮೇಲೆಯೇ. ಕಲ್ಯಾಣಿ, ಎತ್ತ ಬಿಚ್ಚಪ್ಪಾ, ಇವತ್ತ ಹೋಗೂದ ಬ್ಯಾಡ — ಅತ್ತೆ ಅಂಗಳದಲ್ಲಿದ್ದ ಮಗನಿಗೆ ಕೂಗಿ ಹೇಳಿದರು, ಸಂತೋಷವೇ ಇರಬೇಕು, ನನಗಂತೂ ಸಂತೋಷ, ಕುತ್ತಿಗೆ ನೋಯುತ್ತದೆ, ನೋಯಲಿ, ಒಂದು ಕಪ್ಪು ಲಿಂಗ, ಬಿಳಿ ಗೆರೆ ಮೂರು, ನೆತ್ತಿಯಲ್ಲಿ ಬೆಳಕು, ಒಂದು, ಒಂದೇ ಚುಕ್ಕೆ