ತುಪ್ಪದ ಮಿಳ್ಳೆ ಹೊತ್ತ ಅಪವಾದ

ನಾನು ಒಂದು ಹಿತ್ತಾಳೆಯ ಮಿಳ್ಳೆ. ಊಟಕ್ಕೆ ಕೂತವರಿಗೆ ತುಪ್ಪ ಬಡಿಸುವುದು ನನ್ನ ಕೆಲಸ. ಹುಟ್ಟಿದ್ದು ನಾಗಮಂಗಲದಲ್ಲಿ, ಸುತ್ತಿಗೆಯ ಏಟು ತಿಂದು. ಗಾತ್ರದಲ್ಲಿ ಚಿಕ್ಕವಳಾದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಎಲೆಗೆ ನನ್ನ ತೊಟ್ಟು ಬೀಳುವವರೆಗೆ ಯಾರೂ ಅನ್ನಕ್ಕೆ ಕೈಹಾಕುವಂತಿರಲಿಲ್ಲ ನೋಡಿ!

ಸುಬ್ಬಲಕ್ಷ್ಮಮ್ಮನ ಮದುವೆಗೆ ತವರಿನವರು ನನ್ನನ್ನು ಕೊಂಡು ಉಡುಗೊರೆ ಕೊಟ್ಟರು. ಹಾಗೆ ನಂಜನಗೂಡಿನ ಈ ಮನೆಗೆ ಬಂದೆ. ಆಕೆಯ ಗಂಡ ಎಳೆಯ ವಯಸ್ಸಿನಲ್ಲೇ ಎದೆನೋವಿನಿಂದ ತೀರಿಕೊಂಡರು. ಮಗ ಶ್ರೀಕಂಠನೂ ನಲವತ್ತು ಮುಟ್ಟಲಿಲ್ಲ. ಊಟ ಮುಗಿಸಿ ಎದ್ದವನು ಕೈತೊಳೆಯುವಲ್ಲೇ ಕುಸಿದ. "ನಿಮ್ಮ ತುಪ್ಪವೇ ಅವನನ್ನ ತಿಂದ್ಬಿಡ್ತು" ಎಂದು ನೆಂಟರೊಬ್ಬರು ಅಂದೇಬಿಟ್ಟರು. ಆಮೇಲೆ ಸುಬ್ಬಲಕ್ಷ್ಮಮ್ಮ ತಮ್ಮ ಎಲೆಗೆ ನನ್ನಿಂದ ಒಂದು ತೊಟ್ಟನ್ನೂ ಹಾಕಿಕೊಳ್ಳಲಿಲ್ಲ.

ಶ್ರೀಕಂಠನ ಮಗಳು ಮೇಧಾಗೆ ಹನ್ನೆರಡಾದಾಗ, ಅಪ್ಪ ಹೋದ ರೀತಿ ಕೇಳಿದ ಡಾಕ್ಟರು ಅವಳ ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟರಾಲ್ ವಿಪರೀತ!

"ಕಡ್ಡಿ ಹಾಗಿದಾಳೆ, ಇವಳಿಗೆಲ್ಲಿಂದ ಬಂತೇ ಕೊಬ್ಬು?" ಎಂದರು ಅಜ್ಜಿ.

ಸೊಸೆ ವನಜಾಕ್ಷಿ ನನ್ನನ್ನು ತೊಳೆದು ಅಡುಗೆಮನೆಯ ಮೇಲಿನ ಹಲಗೆಗೆ ಎತ್ತಿಟ್ಟಳು. ಸಿಟ್ಟು ನೆತ್ತಿಗೇರಿತು ನನಗೆ. ತುಪ್ಪ ಹೋಯಿತು, ಕರಿದದ್ದು ಹೋಯಿತು, ಹುಡುಗಿ ಒಣ ಚಪಾತಿ ಅಗಿದಳು. ತಿಂಗಳುಗಳು ಕಳೆದರೂ ರಿಪೋರ್ಟು ಹೆಚ್ಚೇನೂ ಇಳಿಯಲಿಲ್ಲ. ಡಾಕ್ಟರು ಗುಳಿಗೆ ಬರೆದರು.

ಅಂಗಡಿಯಿಂದ ತಂದ ಗುಳಿಗೆಯನ್ನು ಅಜ್ಜಿ ಸೆರಗಿಗೆ ಗಂಟುಹಾಕಿಕೊಂಡುಬಿಟ್ಟರು. "ಇದು ಮುದುಕರು ನುಂಗೋದು. ಬೆಳೆಯೋ ಹುಡುಗಿಗೆ ಬೇಡ. ನಾಳೆಯಿಂದ ಒಗ್ಗರಣೇನೂ ಬಿಡಿಸ್ತೀನಿ. ಬಾಯಿ ಕಟ್ಟಿದ್ರೆ ಎಲ್ಲಾ ಸರಿಹೋಗತ್ತೆ."

ವನಜಾಕ್ಷಿ ಅತ್ತೆಗೆ ಎದುರಾಡುವವಳಲ್ಲ. ಮೇಧಾ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಎಷ್ಟು ಬಾಯಿ ಕಟ್ಟಿದ್ರೂ ಇದು ಪೂರ್ತಿ ಹೋಗಲ್ಲ ಅಜ್ಜಿ. ಹುಟ್ಟುವಾಗಲೇ ಅಪ್ಪನಿಂದ ಬಂದಿದ್ದಂತೆ. ಅಪ್ಪಂಗೆ ತಾತನಿಂದ ಬಂದಿರ್ಬೇಕು ಅಂದ್ರು ಡಾಕ್ಟರು. ನಿನ್ನ ತುಪ್ಪದಿಂದ ಬಂದಿದ್ದಲ್ಲ. ನಂಗೆ ಅಪ್ಪನ ಹಾಗೆ ಸಾಯಕ್ಕೆ ಭಯ ಆಗತ್ತೆ. ಗುಳಿಗೆ ಕೊಡು."

ಅಜ್ಜಿ ಇದ್ದಲ್ಲೇ ಕೂತುಬಿಟ್ಟರು. "ನನ್ನ ತುಪ್ಪದಿಂದ ಅಲ್ವೇನೇ?" ಎಂದರು. ಇನ್ನೊಮ್ಮೆ ಅದನ್ನೇ ಕೇಳಿದರು. ಆಮೇಲೆ ಮಗ ಹೋದ ದಿನವೂ ಅಳದಷ್ಟು ಅತ್ತರು. ಹಲಗೆಯ ಮೇಲೆ ನನಗೂ ಸಂಕಟವಾಯಿತು. ನಾನೊಬ್ಬಳೇ ಅಪವಾದ ಹೊತ್ತವಳು ಅಂದುಕೊಂಡಿದ್ದೆ.

"ಹಾಗಾದ್ರೆ ಅವನಿಗೂ ಯಾರಾದ್ರೂ ಇದನ್ನ ಕೊಟ್ಟಿದ್ರೆ..." ಎಂದವರೇ ಗಂಟು ಬಿಚ್ಚಿ, ಗುಳಿಗೆ ಕೊಟ್ಟು, ತಾವೇ ನೀರು ತಂದರು.

ಈಗ ಮೇಧಾ ದಿನವೂ ಗುಳಿಗೆ ನುಂಗುತ್ತಾಳೆ. ಆಗಾಗ ರಕ್ತ ಪರೀಕ್ಷೆಯಾಗುತ್ತದೆ. ಅಂಕಿ ಚೆನ್ನಾಗಿ ಇಳಿದಿದೆ. ಊಟದ ಮಿತಿ ಹಾಗೇ ಇದೆ, ಆದ್ದರಿಂದ ನಾನು ಹಲಗೆಯ ಮೇಲೇ ಕಪ್ಪಾಗುತ್ತಿದ್ದೇನೆ. ಇರಲಿ ಬಿಡಿ. ಈ ವಂಶದಲ್ಲಿ ಹುಟ್ಟಿ ನನ್ನ ತುಪ್ಪ ತಿಂದವರಲ್ಲಿ ಒಬ್ಬರ ತಲೆಯೂ ನರೆತದ್ದನ್ನು ನಾನು ಕಂಡಿಲ್ಲ. ಗುಜರಿಗೆ ಹೋಗುವ ಮುಂಚೆ ಮೇಧಾಳ ತಲೆಯಲ್ಲಿ ಒಂದು ಬಿಳಿಗೂದಲು ನೋಡಬೇಕು ನಾನು.