ಒಣಗಲು ನಾಲ್ಕು ದಿನ

ಅಮ್ಮ ತೀರಿಕೊಂಡಾಗ ಬಂದಿದ್ದ ಅಕ್ಕ, ಕಾರ್ಯವೆಲ್ಲ ಮುಗಿದ ಮೇಲೆ ಎರಡೇ ದಿನ ಇದ್ದು ಹೊರಟಳು. ಬ್ಯಾಗಿನ ಜಿಪ್ ಎಳೆಯುತ್ತ, "ನಿನ್ನ ಬಚ್ಚಲಲ್ಲಿ ಸ್ನಾನ ಮಾಡಿದ್ರೆ ಹೊರಗೆ ಬಂದು ಇನ್ನೊಂದು ಸ್ನಾನ ಮಾಡ್ಬೇಕು ಅನ್ಸತ್ತೆ ಕಣೇ" ಅಂದಳು. ನಾನು ನಕ್ಕೆ. ಆ ಮಾತು ಒಂದು ವರ್ಷ ನನ್ನ ತಲೆಯಿಂದ ಇಳಿಯಲೇ ಇಲ್ಲ.

ಈಗ ಅವಳು ಮತ್ತೆ ಬರುವವಳಿದ್ದಳು. ಅಕ್ಕ ನರ್ಸು. ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೆ ಮೂರು ತಿಂಗಳ ತರಬೇತಿ. "ಹಾಸ್ಟೆಲ್‌ನಲ್ಲಿ ರೂಮು ಖಾಲಿ ಆಗೋದು ಬುಧವಾರ. ನಾನು ಮಂಗಳವಾರ ನಿನ್ನ ಹತ್ರ ಬರ್ತೀನಿ. ಸರಿಹೋದ್ರೆ ಮೂರು ತಿಂಗಳೂ ಅಲ್ಲೇ ಇದ್ದುಬಿಡ್ತೀನಿ" ಅಂತ ಫೋನು ಮಾಡಿದ್ದಳು. ಸರಿಹೋಗದೆ ಇರುವುದು ಯಾವುದು ಅಂತ ನನಗೆ ಗೊತ್ತಿತ್ತು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಂದಿನಿಂದ ಲಾಂಡ್ರಿಯಲ್ಲಿ ಕೆಲಸ. ಬೇರೆಯವರ ಬಟ್ಟೆಯ ಕಲೆ ನೋಡಿ ನೋಡಿ ಕಣ್ಣು ಪಳಗಿದೆ. ಬಚ್ಚಲನ್ನೂ ಹಾಗೇ ನೋಡಿದೆ. ಟೈಲ್ಸು ಒಂದು ಕಾಲಕ್ಕೆ ತಿಳಿನೀಲಿ. ಅವುಗಳ ಸಂದಿಯೆಲ್ಲ ಕಪ್ಪಾಗಿತ್ತು. ನಲ್ಲಿ ತೊಟ್ಟಿಕ್ಕಿ ಗೋಡೆಯ ಮೇಲೆ ಕಂದು ಗೆರೆ ಇಳಿದಿತ್ತು. ಎಲ್ಲ ಒಡೆದು ಹೊಸದು ಹಾಕಿಸುವಷ್ಟು ದುಡ್ಡು ಕೈಯಲ್ಲಿ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಯವನ ಮುಂದೆ ಹೋಗಿ ನಿಂತೆ. ಮೂರು ಗಿರಾಕಿಗಳು ಬಂದು ಹೋದ ಮೇಲೆ ಅವನೇ, "ಏನಮ್ಮಾ, ಅಂಗಡಿ ಕಾಯ್ತಿದ್ದೀಯಾ?" ಅಂದ.

ವೈಟ್ ಸಿಮೆಂಟು, ಟೈಲ್ಸು ಉಜ್ಜಲು ಎಮರಿ ಪೇಪರು, ನಲ್ಲಿಗೊಂದು ವಾಷರು, ಟೈಲ್ಸಿನ ಮೇಲೆ ಬಳಿಯುವ ಬಣ್ಣದ ಚಿಕ್ಕ ಡಬ್ಬಿ. ಅಷ್ಟೇ ತಂದೆ. ಹಳೇ ಚಾಕುವಿನ ತುದಿಯಿಂದ ಸಂದಿ ಕೆರೆದೆ. ಮೂರು ಸಂಜೆ ಅದಕ್ಕೇ ಹೋಯಿತು. ಸಿಮೆಂಟನ್ನು ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಬೆರಳಲ್ಲೇ ತುಂಬಿದೆ. ಬೆರಳ ತುದಿ ಸುಲಿದು ಲಾಂಡ್ರಿಯಲ್ಲಿ ಸೋಪಿನ ನೀರು ಮುಟ್ಟಿದರೆ ಉರಿಯುತ್ತಿತ್ತು. ಗುರುವಾರ ಸಂಜೆ ಬಣ್ಣದ ಎರಡನೇ ಕೋಟು ಮುಗಿಯಿತು. "ನಾಲ್ಕು ದಿನ ಒಂದು ಹನಿ ನೀರು ತಾಗಬಾರದು. ತಾಗಿದ್ರೆ ಪೊರೆ ಎದ್ದ ಹಾಗೆ ಏಳತ್ತೆ. ಆಮೇಲೆ ನನ್ನ ಹತ್ರ ಬಂದು ಅಳಬೇಡ" ಅಂದಿದ್ದ ಅಂಗಡಿಯವ. ಲೆಕ್ಕ ಸರಿಯಾಗಿತ್ತು. ಮಂಗಳವಾರಕ್ಕೆ ಒಣಗುತ್ತದೆ, ಮಂಗಳವಾರ ಅಕ್ಕ ಬರುತ್ತಾಳೆ. ಅಲ್ಲಿಯವರೆಗೆ ನಾನು ಲಾಂಡ್ರಿಯಲ್ಲೇ ಸ್ನಾನ ಮಾಡಿಕೊಂಡರಾಯಿತು.

ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಅಕ್ಕ.

"ರಜೆ ಸಿಕ್ತು, ಬಂದ್ಬಿಟ್ಟೆ. ಏನೇ, ದೆವ್ವ ನೋಡಿದ ಹಾಗೆ ನೋಡ್ತೀಯ? ರಾತ್ರಿಯೆಲ್ಲ ಬಸ್ಸು. ಮೊದಲು ಸ್ನಾನ."

ನಾನು ಓಡಿಹೋಗಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತೆ. ಬಂದೆಯಲ್ಲಾ ಅಂತ ಹೇಳಬೇಕಿತ್ತು, ಕೈಯಲ್ಲಿದ್ದ ಬ್ಯಾಗನ್ನಾದರೂ ತೆಗೆದುಕೊಳ್ಳಬೇಕಿತ್ತು. ಬಾಯಿಗೆ ಬಂದದ್ದು, "ಒಳಗೆ ಹೋಗ್ಬೇಡ. ಬಣ್ಣ ಒಣಗಿಲ್ಲ."

"ಮತ್ತೆ ನಾನೆಲ್ಲಿ ಹೋಗ್ಲಿ?"

"ಕೆಳಗೆ, ಟೈಲರಮ್ಮನ ಮನೇಲಿ..."

ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಒಬ್ಬರು ಹೆಂಗಸಿದ್ದಾರೆ. ಮೆಟ್ಟಿಲ ಮೇಲೆ ಸಿಕ್ಕರೆ ನಾನು ತಲೆ ತಗ್ಗಿಸಿ ದಾಟುತ್ತೇನೆ. ಅಕ್ಕ ಟವೆಲು ಹೆಗಲಿಗೆ ಹಾಕಿಕೊಂಡು ನೇರ ಹೋಗಿ ಅವರ ಬಾಗಿಲು ತಟ್ಟಿದಳು. ಅರ್ಧ ಗಂಟೆಯಲ್ಲಿ ಬರುತ್ತಾಳೆ ಅಂತ ಅನ್ನ ಬಿಸಿ ಮಾಡಿಟ್ಟೆ. ಬಂದಾಗ ಮಧ್ಯಾಹ್ನ.

"ಅಲ್ಲೇ ಊಟ ಆಯ್ತು. ಅಯ್ಯೋ, ಏನು ಮಾತಾಡ್ತಾರೆ ಮಾರಾಯ್ತಿ ಅವರು! ನಾನು ಒಳಗೆ ಸೋಪು ಹಚ್ಕೊಳ್ತಿದ್ರೆ ಹೊರಗಿಂದ ಅವರ ನಾದಿನಿ ಮದುವೆ ಜಗಳ. ಅರ್ಧ ಕತೆಯಾಗಿತ್ತು, ನೀರು ಖಾಲಿ!"

ಭಾನುವಾರ ಟವೆಲು ಕೊಡುವ ನೆಪದಲ್ಲಿ ನಾನೂ ಕೆಳಗೆ ಹೋಗಿ ಅವರ ಬಚ್ಚಲು ನೋಡಿದೆ. ಬಾಗಿಲಿಗೆ ಚಿಲಕವಿಲ್ಲ, ಒಳಗಿನಿಂದ ಬಕೆಟ್ಟು ಒತ್ತಿಡಬೇಕು. ಬರೀ ಸಿಮೆಂಟಿನ ಗೋಡೆ, ಮೂಲೆಯಲ್ಲಿ ಪಾಚಿ. ನಲ್ಲಿಗೆ ಬಟ್ಟೆ ಸುತ್ತಿದ್ದರು. ನನ್ನ ಹಳೇ ಬಚ್ಚಲು ಇದರ ಮುಂದೆ ಅರಮನೆ. ಟವೆಲು ತೆಗೆದುಕೊಂಡು ಅಂಥದರೊಳಗೆ ಹೋದ ಅಕ್ಕ, ಟೈಲರಮ್ಮನ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದಳು.

ಮೆಟ್ಟಿಲು ಹತ್ತುವಾಗ ಹಳೆಯದು ನೆನಪಾಯಿತು. ಅಮ್ಮನ ಕಾರ್ಯ ಮುಗಿದ ಮೇಲಿನ ಆ ಎರಡು ದಿನ ಅಕ್ಕ ಕೇಳಿದ್ದಕ್ಕೆಲ್ಲ ನಾನು ಹೂಂ, ಉಹೂಂ ಅಂದಿದ್ದೆ. ಅವಳು ಗೋಡೆ ನೋಡಿಕೊಂಡು ಕೂತಿದ್ದಳು. ಮಾತಿಗೆ ಜನ ಇರಲಿಲ್ಲ, ಹಾಗಾಗಿ ಬಚ್ಚಲಿಗೆ ಹೋದಾಗ ಸಂದಿಯ ಕಪ್ಪು ಕಂಡಿತ್ತು.

ಮಂಗಳವಾರ ಉಗುರಲ್ಲಿ ಒತ್ತಿ ನೋಡಿದೆ. ಬಣ್ಣ ಕಲ್ಲಿನ ಹಾಗೆ ಗಟ್ಟಿ. "ಒಣಗಿದೆ" ಅಂತ ಹೇಳುವಷ್ಟರಲ್ಲಿ ಅಕ್ಕ ಟವೆಲು ಹಿಡಿದು ಮೆಟ್ಟಿಲಿಳಿದಾಗಿತ್ತು.

ಬುಧವಾರ ಹಾಸ್ಟೆಲ್‌ನಿಂದ ಫೋನು ಬಂತು. "ರೂಮು ಖಾಲಿ ಆಯ್ತಂತೆ. ಹತ್ತು ಗಂಟೆಯೊಳಗೆ ಹೇಳ್ಬೇಕಂತೆ" ಅಂದಳು ಅಕ್ಕ, ನನ್ನ ಮುಖ ನೋಡುತ್ತ. ನಾನು ಬಕೆಟ್ಟಿಗೆ ಬಿಸಿನೀರು ಸುರಿದೆ. "ಇವತ್ತು ಇಲ್ಲೇ ಮಾಡು."

ಅವಳು ಒಳಗೆ ಹೋದಳು. "ಅಬ್ಬಾ, ಕಣ್ಣು ಕುಕ್ಕತ್ತೆ! ಯಾರು ಮಾಡಿದ್ದು?" ಅಂದಳು. ಆಮೇಲೆ ನೀರಿನ ಸದ್ದು ಮಾತ್ರ.

ನಾನು ಬಾಗಿಲ ಹೊರಗೆ ನಿಂತೆ. ನನಗೆ ನಾದಿನಿಯೂ ಇಲ್ಲ, ಜಗಳದ ಕತೆಯೂ ಇಲ್ಲ. ಇದ್ದದ್ದನ್ನೇ ಹೇಳತೊಡಗಿದೆ. ಸಂದಿ ಕೆರೆದದ್ದು, ಮೊದಲ ಸಲ ಸಿಮೆಂಟು ನೀರಾಗಿ ಮೊಣಕೈವರೆಗೆ ಇಳಿದದ್ದು, ವಾಷರು ತಿರುಗಾ ಮುರುಗಾ ಹಾಕಿ ನೀರು ಮುಖಕ್ಕೇ ಚಿಮ್ಮಿದ್ದು.

"ಏನಂದೆ? ಕೇಳಿಸ್ತಿಲ್ಲ ಕಣೇ, ಜೋರಾಗಿ ಹೇಳು!"

"ಮುಖಕ್ಕೇ ಚಿಮ್ತು ಅಂದೆ!" ಅಂತ ಕೂಗಿದೆ. ಅಕ್ಕ ನಕ್ಕಳು. ಆ ನಗುವಿನ ಧೈರ್ಯದಲ್ಲೇ, "ನೀನು ಇಲ್ಲೇ ಇರ್ಬೇಕು ಅಂತ ಮಾಡಿದ್ದು. ಹೋಗ್ಬೇಡ" ಅಂದುಬಿಟ್ಟೆ.

ಒಳಗೆ ಚೊಂಬು ನೆಲಕ್ಕಿಟ್ಟ ಸದ್ದು.

ಬಾಗಿಲು ತೆರೆದಾಗ ಅವಳ ಕಣ್ಣು ಕೆಂಪಾಗಿತ್ತು. ಸೋಪಿನಿಂದಲೋ ಏನೋ. "ಶನಿವಾರ ಬಾಗಿಲಿಗೆ ಅಡ್ಡ ನಿಂತೆಯಲ್ಲ, ನಾನು ಬಂದಿದ್ದೇ ಬೇಡವಾಯ್ತು ಅನ್ಕೊಂಡೆ. ನಿನ್ನೆ ಸಂಜೆಯೇ ಹಾಸ್ಟೆಲ್‌ನವರಿಗೆ ಬರ್ತೀನಿ ಅಂತ ಹೇಳಿ, ಮೂರು ತಿಂಗಳ ದುಡ್ಡೂ ಕಟ್ಟಿಬಿಟ್ಟೆ. ಹತ್ತು ಗಂಟೆ ಅಂದಿದ್ದು ಸುಮ್ಮನೆ. ನೀನು ಏನಾದ್ರೂ ಅಂತೀಯೇನೋ ಅಂತ."

"ಅಂದೆನಲ್ಲ."

"ಅಂದೆ ಪೆದ್ದಿ, ಒಂದು ದಿನ ತಡವಾಗಿ." ನನ್ನ ತಲೆಯನ್ನು ಒದ್ದೆ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡಳು. ಭಾನುವಾರ ಬರುತ್ತೇನೆ ಅಂದಳು. ಡ್ಯೂಟಿ ಇಲ್ಲದಿದ್ದರೆ.

ಅವಳ ಬ್ಯಾಗು ಹೊತ್ತು ಬಸ್‌ಸ್ಟಾಪಿನವರೆಗೆ ಹೋದೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ, ಲಾಂಡ್ರಿಯ ಓನರು, ಅವನ ಕೆಮ್ಮು, ಕಳೆದುಹೋದ ಯಾರದೋ ಕೋಟು. ಬಸ್ಸು ಬಂದಾಗ ಕೋಟಿನ ಕತೆ ಅರ್ಧಕ್ಕೇ ನಿಂತಿತು. ವಾಪಸು ಬರುವಾಗ ಉಳಿದರ್ಧವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಮರೆತುಹೋಗದಿರಲಿ ಅಂತ.