ಗುಂಡ್ಲುಪೇಟೆಗೆ ಬಂದ ಕಡಲು

ಚಾಮರಾಜನಗರ ಜಿಲ್ಲೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಭೂವಿಜ್ಞಾನಿ ಶಶಿಕುಮಾರನ ಕಚೇರಿಗೆ ಕುರ್ಚಿಗಳು ಬರುವ ಮೊದಲೇ ಸ್ಲೈಡುಗಳ ಪೆಟ್ಟಿಗೆ ಬಂತು. ಅಂತರ್ಜಲ ಉಳಿಸುವ ಬಗೆಯನ್ನು ಜನರಿಗೆ ತೋರಿಸಬೇಕಂತೆ. ಬಿಚ್ಚಿದರೆ ಎಲ್ಲವೂ ಕರಾವಳಿಯವು: ಒತ್ತೊತ್ತಾದ ಮನೆಗಳು, ಮನೆಗೊಂದು ಬೋರ್‌ವೆಲ್, ಅವು ಸಿಹಿನೀರು ಹೀರಿದಷ್ಟೂ ನೆಲದಡಿಯಿಂದ ಒಳನುಗ್ಗುವ ಸಮುದ್ರ. ಪೆಟ್ಟಿಗೆ ದಾರಿ ತಪ್ಪಿದೆಯೆಂದು ಅವನು ಮೇಲಿನವರಿಗೆ ಫೋನ್ ಮಾಡಿದ.

"ನೀರು ಎಲ್ಲಿದ್ದರೂ ನೀರೇ ಅಲ್ವೇನ್ರೀ? ತೋರಿಸಿ" ಎಂದರು.

ಗುಂಡ್ಲುಪೇಟೆಯ ಅಂಚಿನ ಒಂದು ಬೀದಿಯಲ್ಲಿ ತೋರಿಸಿದ. ಆ ಬೀದಿಗೆಲ್ಲ ಸಿಹಿನೀರಿನ ಬಾವಿ ಒಂದೇ. ಬೇರೆ ನೀರಿನಲ್ಲಿ ಎಷ್ಟು ಸೌದೆ ಉರಿಸಿದರೂ ತೊಗರಿಬೇಳೆ ಬೇಯುತ್ತಿರಲಿಲ್ಲ. ಆ ಬಾವಿಯ ಪಕ್ಕದಲ್ಲೇ, ತನ್ನ ಸ್ವಂತ ಜಾಗದಲ್ಲಿ, ಈರುಳ್ಳಿ ಮಂಡಿಯ ದೊರೆಸ್ವಾಮಿ ಬೋರ್ ಕೊರೆಸಲು ಪಾಯಿಂಟ್ ಗುರುತು ಮಾಡಿಸಿದ್ದ. ಕೊರೆಸಿದರೆ ಬಾವಿ ಬತ್ತುತ್ತದೆಂದು ಶಶಿಕುಮಾರ ನಕ್ಷೆ ಬರೆದು ವಿವರಿಸಿದ್ದ. ದೊರೆಸ್ವಾಮಿ ಕಾಫಿ ಕುಡಿಸಿ ಕಳಿಸಿದ್ದ. ತಡೆಯುವ ಅಧಿಕಾರ ಶಶಿಕುಮಾರನಿಗೆ ಇರಲಿಲ್ಲ.

ಸ್ಲೈಡುಗಳು ಮುಗಿದವು. ಬೀದಿಯ ಹಿರಿಯಳು ಮರಿತಾಯಮ್ಮ ಕೇಳಿದಳು: "ಕಡ್ಲು ಇಲ್ಲಿಂದ ಎಷ್ಟು ದೂರ ಸ್ವಾಮಿ?"

"ಬಹಳ ದೂರ ಅಮ್ಮ. ನಡುವೆ ಘಟ್ಟ ಇದೆ, ಇಲ್ಲಿಗೆ ಅದು..."

"ಏನ್ ದೂರ? ಸಂಜೆ ಈರುಳ್ಳಿ ತುಂಬ್ಕಂಡು ಓದ ಲಾರಿ ಬೆಳಗಾಗದ್ರೊಳಗೆ ಕಲ್ಲಿಕೋಟೆಲಿ ಇರ್ತದೆ. ಲಾರಿನಾದ್ರೂ ಚೆಕ್‌ಪೋಸ್ಟ್‌ನಲ್ಲಿ ನಿಲ್ಲುಸ್ತಾರೆ. ನೀರ್ನ ಯಾರು ನಿಲ್ಲುಸ್ತಾರೆ?" ಅವಳು ಹಿಂದೆ ಕೂತಿದ್ದ ದೊರೆಸ್ವಾಮಿಯತ್ತ ತಿರುಗಿದಳು. "ಕೇಳುಸ್ಕಂಡೇನ್ಲಾ ದೊರೆ? ನೀ ಬೋರ್ ಆಕ್ಸು, ಕಡ್ಲು ಬಂದು ನಿನ್ ಮಂಡಿ ಈರುಳ್ಳಿನೆಲ್ಲಾ ಉಪ್ಪಿನ್ಕಾಯಿ ಮಾಡ್ಬುಡ್ತದೆ ಕಣ್ಲಾ!"

ಬೀದಿಯೆಲ್ಲ ನಕ್ಕಿತು. ದೊರೆಸ್ವಾಮಿ ಮಾತ್ರ ನಗಲಿಲ್ಲ. "ನಿಜವಾ ಸಾ?"

ದಶಾಂಶದ ಎರಡನೆಯ ಅಂಕಿಯನ್ನೂ ಬಿಟ್ಟುಕೊಡದ ಮನುಷ್ಯ ಶಶಿಕುಮಾರ. ಬಾಯಿ ತೆರೆದ, ಬಾವಿಕಟ್ಟೆಯ ಮೇಲೆ ಸಾಲಾಗಿಟ್ಟ ಕೊಡಗಳು ಕಂಡವು. "ಬೋರ್ ಕೊರೆದರೆ ಬಾವಿ ಕೆಡುವುದಂತೂ ನಿಜ" ಎಂದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದೊರೆಸ್ವಾಮಿ ಕರೆಸಿದ್ದ ಬೋರಿನ ಲಾರಿ ಬಂದ ದಾರಿಯಲ್ಲೇ ವಾಪಸು ಹೋಯಿತು.

ಕೆಲವು ತಿಂಗಳ ಮೇಲೆ ಬಾವಿಯ ನೀರು ತರಿಸಿ ಪರೀಕ್ಷಿಸಿದರೆ ಉಪ್ಪಿನಂಶ ಏರಿತ್ತು. ಚರಂಡಿ ಇರಬಹುದೆಂದುಕೊಂಡ, ಗೊಬ್ಬರ ಇರಬಹುದೆಂದುಕೊಂಡ. ಮತ್ತೆ ಪರೀಕ್ಷಿಸಿದ, ಇನ್ನೂ ಏರಿತ್ತು. ಕಲಿತ ಭೂವಿಜ್ಞಾನವೇ ಅಲುಗಾಡಿದಂತಾಗಿ ಒಂದು ಸೋಮವಾರ ಬೆಳಿಗ್ಗೆ ತಾನೇ ಹೋದ. ಹೆಂಗಸರು ಸರದಿಯಲ್ಲಿ ನಿಂತು ಬಾವಿಗೆ ಉಪ್ಪು ಹಾಕುತ್ತಿದ್ದರು. ಮೈಮೇಲೆ ನರೂಲಿ ಎದ್ದರೆ ದೇವರ ಕೊಳಕ್ಕೆ ಉಪ್ಪು ಸುರಿಯುವುದು ಅವರಿಗೆ ಗೊತ್ತಿದ್ದ ಹರಕೆ.

"ಇದೇನಮ್ಮ ಇದು?"

"ಕಡ್ಲಪ್ಪನ ಪಾಲು ಕಣಪ್ಪ" ಎಂದಳು ಮರಿತಾಯಮ್ಮ. "ಅವನು ಬರದು ಉಪ್ಪು ಆಕಕ್ಕೆ ತಾನೆ? ನಾವೇ ಆಕ್ಬುಟ್ರೆ ಅವನ್ಯಾಕೆ ಬಂದಾನು? ಆದ್ರೂ ನೀರು ಉಪ್ಪುಪ್ಪಾಯ್ತಾ ಅದೆ. ಅತ್ರುಕ್ಕೇ ಬಂದವ್ನೆ. ಅದ್ಕೆ ಈ ವಾರದಿಂದ ಎರಡೆರಡು ಇಡಿ ಉಪ್ಪು."

ಕಡಲು ಇಲ್ಲಿಗೆ ಬರುವುದೇ ಇಲ್ಲ ಎಂದು ಹೇಳಲು ಶಶಿಕುಮಾರ ತಲೆಯೆತ್ತಿದ. ಎದುರು ಜಗಲಿಯಲ್ಲಿ ದೊರೆಸ್ವಾಮಿ ಕಿವಿ ಇತ್ತಲೇ ಇಟ್ಟು ಕೂತಿದ್ದ. ನಿಜ ಹೇಳಿದರೆ ಬೋರು, ಸುಮ್ಮನಿದ್ದರೆ ಉಪ್ಪು.

"ಅಮ್ಮ, ಉಪ್ಪು ಹಾಕುವ ಜಾಗ ತಪ್ಪಾಗಿದೆ" ಎಂದ ನಿಧಾನವಾಗಿ. "ಕಡಲು ಬರುವ ಬಾಗಿಲು ಬಾವಿಯಲ್ಲ, ಬೋರಿನ ಪಾಯಿಂಟ್. ಉಪ್ಪು ಅಲ್ಲಿಡಬೇಕು."

"ಅಂಗಂತ ನಿಮ್ ಓದ್ನಲ್ಲಿ ಅದಾ?"

"ಇದೆ" ಎಂದ. ಆದರೆ ನೆಲಕ್ಕೆ ಸುರಿದ ಉಪ್ಪು ಮಳೆಯಲ್ಲಿ ಕರಗಿ ಬಾವಿಗೇ ಇಳಿಯುತ್ತದೆಂಬುದು ತಕ್ಷಣ ಹೊಳೆಯಿತು. "ಬರಿ ನೆಲಕ್ಕೆ ಸುರಿಯಬಾರದು. ಮಡಕೆಯಲ್ಲಿಡಿ. ಮೇಲೆ ಮುಚ್ಚಳ ಕಡ್ಡಾಯ."

ಮುಂದಿನ ಸೋಮವಾರ ಹೋದಾಗ ಪಾಯಿಂಟಿನ ಮೇಲೊಂದು ಕಲ್ಲು ನಿಂತಿತ್ತು. ಅದಕ್ಕೆ ಅರಿಶಿನ ಕುಂಕುಮ, ಮುಂದೆ ಮುಚ್ಚಿದ ಮಡಕೆ, ಸುತ್ತ ದೊರೆಸ್ವಾಮಿಯೇ ಹಾಕಿಸಿದ ಬೇಲಿ. "ದೇವ್ರೇ ಬಂದು ಕೂತ್ಬುಟ್ಟ ಸಾ. ಇನ್ನು ಎಬ್ಬುಸಕ್ಕಾದದಾ?" ಎಂದು ದೊರೆಸ್ವಾಮಿ ಕೈಮುಗಿದ.

ಮರಿತಾಯಮ್ಮ ಉಪ್ಪಿನ ತಟ್ಟೆ ಚಾಚಿದಳು. "ಮೊದ್ಲುನೇ ಇಡಿ ನಿಮ್ದೇಯ. ಶಾಸ್ತ್ರ ತಿಳಿದೋರು ನೀವು."

ಇಲಾಖೆಯ ಜೀಪು ಎಲ್ಲೂ ಕಾಣುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಶಶಿಕುಮಾರ ಬೂಟು ಬಿಚ್ಚಿದ.